ಹೊಟ್ಟೆನೋವು ಎಂದು ಬರೆದವರಿಗೆ

ಶಹಾಪುರ
19 ಸೆಪ್ಟೆಂಬರ್ 2024

ಆಶಾ ಕಾರ್ಯಕರ್ತೆ ಹಬೀಬಾ ಅವರಿಗೆ,

ನಾನು ಬಸವೇಶ್ವರಿ. ನಿಮ್ಮೂರಿನ ವಿಶ್ವರಾಧ್ಯನ ಹೆಂಡತಿ ಭುವನೇಶ್ವರಿಯ ಅಕ್ಕ. ಇಲ್ಲಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ನನ್ನ ತಂಗಿ ತಾನಾಗಿ ಜೀವ ಕಳೆದುಕೊಂಡು ಇಂದಿಗೆ ನಲವತ್ತು ದಿನ. ಮಣ್ಣು ಕೊಟ್ಟ ದಿನ ನೀವು ಅಂಗಳದ ಹೊರಗೆ ನಿಂತು ಅಳುತ್ತಿದ್ದಿರಿ. ನಾನು ಹತ್ತಿರ ಬರುವುದರೊಳಗೆ ಹೋಗಿಬಿಟ್ಟಿರಿ.

ಆಮೇಲೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಮೀಟಿಂಗಿನ್ಯಾಗ ಇದ್ದೀನ್ರಿ" ಎಂದಿರಿ. ಮೂರನೇ ಸಲ ಹಿಂದಿನಿಂದ ಕುಕ್ಕರ್ ಕೂಗಿತು. ಯಾವ ಮೀಟಿಂಗಿನಲ್ಲಿ ಅನ್ನಕ್ಕಿಡುತ್ತಾರೆ?

ಠಾಣೆಗೆ ಹೋಗಿ ಕಾಗದದ ನಕಲು ತೆಗೆದುಕೊಂಡೆ. ಅದರಲ್ಲಿ ಹೀಗಿದೆ: "ಮೃತಳು ಸುಮಾರು ಏಳು ತಿಂಗಳಿಂದ ಹೊಟ್ಟೆನೋವಿನಿಂದ ಬಳಲುತ್ತಿದ್ದು, ಸದರಿ ಬಾಧೆ ತಾಳಲಾರದೆ ಜೀವನದಲ್ಲಿ ಜಿಗುಪ್ಸೆಗೊಂಡಿದ್ದು, ಈ ಬಗ್ಗೆ ಯಾರ ಮೇಲೂ ಸಂಶಯವಿರುವುದಿಲ್ಲ." ಕೆಳಗೆ ನನ್ನ ತಮ್ಮ ಜಗದೇವಪ್ಪನ ಸಹಿ.

ನನ್ನ ತಂಗಿಗೆ ಹೊಟ್ಟೆನೋವು ಇರಲಿಲ್ಲ. ಹಸಿ ಹುಣಸೆಕಾಯಿಗೆ ಉಪ್ಪು ಖಾರ ಹಚ್ಚಿ ತಿಂದು ಮೇಲೆ ಚರಿಗೆ ನೀರು ಕುಡಿಯುತ್ತಿದ್ದವಳು ಅವಳು. ತವರೂರು ಶಿರವಾಳಕ್ಕೆ ಹೋಗಿ ತಮ್ಮನನ್ನು ಕೇಳಿದೆ. "ನಾ ಏನ್ ಮನಿಯಿಂದ ಹೊಸೆದು ಬರಸೀನೇನ್ ಯಕ್ಕಾ? ಆಶಾ ಬಾಯಿ ರಿಜಿಸ್ಟರಿನ್ಯಾಗ ಅದ. ಸರ್ಕಾರಿ ದಾಖಲಾ" ಎಂದ.

ನಿಮ್ಮ ರಿಜಿಸ್ಟರಿನಲ್ಲಿ ಹಾಗೆ ಇದೆಯೇ? ಯಾರು ಹೇಳಿದ್ದಕ್ಕೆ ಬರೆದಿರಿ? ಇಷ್ಟನ್ನು ತಿಳಿಸಿ.

ಬಸವೇಶ್ವರಿ

•

ಸುರಪುರ ತಾಲೂಕು
30 ಸೆಪ್ಟೆಂಬರ್ 2024

ಬಸವೇಶ್ವರಿ ಅಕ್ಕನವರಿಗೆ ನಮಸ್ಕಾರ.

ದಯವಿಟ್ಟು ಫೋನ್ ಮಾಡಬೇಡಿ. ನನ್ನ ಫೋನ್ ಮನೆಯಲ್ಲಿ ಎಲ್ಲರ ಕೈಗೂ ಸಿಗುತ್ತದೆ. ಮಾತನ್ನು ರೆಕಾರ್ಡ್ ಮಾಡಿ ಊರಿನ ಗ್ರೂಪಿಗೆ ಹಾಕುವವರೂ ಇದ್ದಾರೆ. ಬರೆಯುವುದಿದ್ದರೆ ಅಂಗನವಾಡಿ ವಿಳಾಸಕ್ಕೆ ಬರೆಯಿರಿ.

ರಿಜಿಸ್ಟರಿನಲ್ಲಿ ಹೊಟ್ಟೆನೋವು ಎಂದೇ ಇದೆ. ಬಂದವರು ಹೇಳಿದ್ದನ್ನು ಬರೆಯುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ.

ಭುವನೇಶ್ವರಿ ಒಳ್ಳೆಯವಳು. ನಾನು ಮನೆ ಭೇಟಿಗೆ ಹೋದಾಗ ಬಿಸಿ ರೊಟ್ಟಿ ತಿನ್ನಿಸದೆ ಕಳಿಸುತ್ತಿರಲಿಲ್ಲ. ನಿಮ್ಮ ದುಃಖ ನನಗೆ ತಿಳಿಯುತ್ತದೆ. ಆದರೆ ಕೆದಕಿದರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಇದನ್ನು ಇಲ್ಲಿಗೇ ಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಹಬೀಬಾ

•

ಶಹಾಪುರ
8 ಅಕ್ಟೋಬರ್ 2024

ಹಬೀಬಾ ಅವರಿಗೆ,

ಬಿಡುವುದಿಲ್ಲ.

ಮೊನ್ನೆ ಭಾನುವಾರ ನಿಮ್ಮೂರಿಗೆ ಬಂದಿದ್ದೆ. ಭುವಿಯ ಟ್ರಂಕು ನಾವು ಮದುವೆಯಲ್ಲಿ ಕೊಟ್ಟದ್ದು. ಅದನ್ನು ಅವಳ ಮಗಳಿಗೆಂದು ತೆಗೆದಿಡಬೇಕು ಎಂದು ಹೇಳಿ ಬಾಗಿಲು ತೆರೆಸಿದೆ. ಸೀರೆಗಳ ಕೆಳಗೆ ಎರಡು ಪಟ್ಟಿ ಗುಳಿಗೆ ಇದ್ದವು. ಜೊತೆಗೆ ನಿಮ್ಮ ಕೈಬರಹದ ಐದು ಚೀಟಿ. ಐದರಲ್ಲೂ ಹೊಟ್ಟೆನೋವು. ಐದರಲ್ಲೂ ಮಂಗಳವಾರದ ತಾರೀಖು. ಐದರಲ್ಲೂ ಬಲಗಡೆಯ ಮೂಲೆ ಮಡಚಿದೆ. ಆ ಮಡಿಕೆ ಏನೆಂದು ನನಗೆ ತಿಳಿಯಲಿಲ್ಲ. ಗುಳಿಗೆಯನ್ನು ಇಲ್ಲಿಯ ಔಷಧಿ ಅಂಗಡಿಯವನಿಗೆ ತೋರಿಸಿದೆ.

"ಹೊಟ್ಟಿನೋವಿಂದಾ ಇದು?"

"ಹೊಟ್ಟಿದಲ್ರೀ ಯಕ್ಕಾ. ಮನಸಿಂದು. ಯಾರಿಗಿ ಕೊಟ್ಟಾರ?" ಎಂದು ಅತ್ತಿತ್ತ ನೋಡಿ ದನಿ ತಗ್ಗಿಸಿದ. ಕಳ್ಳಮಾಲು ತಂದವಳಂತೆ ನನ್ನನ್ನು ನೋಡಿದ.

ಅವಳ ಅತ್ತೆ ಮಲ್ಲಾಬಾಯಿಯ ಮಾತನ್ನು ಕೇಳಿದ ಹಾಗೆಯೇ ಬರೆಯುತ್ತೇನೆ. ನಾನು ದಿನಾ ಡೈರಿ ಬರೆಯುವವಳು, ಮಾತು ಮರೆಯುವುದಿಲ್ಲ.

"ಹೊಟ್ಟ್ಯಾಗ ಏನೂ ಇರಲಿಲ್ಲ ಬಿಡವ್ವಾ. ನನ್ನ ಮಗ ಕಲಬುರಗಿಗಿ ಒಯ್ದು ಮಷೀನಿನ್ಯಾಗ ಮಲಗಿಸಿ ನೋಡಿಸ್ಯಾನ. ಕರಳು ಸಾಫ್, ಪಿತ್ತಕೋಶ ಸಾಫ್. ನಾಟಕ ಮಾಡ್ತಿದ್ಲು."

"ಮತ್ತ ಪೊಲೀಸರ ಮುಂದ ಹೊಟ್ಟಿನೋವು ಅಂತ ಯಾಕ ಹೇಳಿದ್ರಿ?"

"ಮತ್ತೇನ್ ಹೇಳಬೇಕಾಗಿತ್ತ? ಹುಚ್ಚಿ ಅನ್ನಬೇಕಾಗಿತ್ತೇನ್? ನಾಳಿ ಅಕಿ ಮಗಳನ್ನ ನಿಮ್ಮ ತಮ್ಮ ಸೊಸಿ ಮಾಡ್ಕೋತಾನೇನ್ ತನ್ನ ಮನಿಗಿ?"

ಆ ಮಗುವಿಗೆ ಆರು ವರ್ಷ.

ಜೀವ ಇದ್ದಾಗ ಸುಳ್ಳಾಗಿದ್ದ ಹೊಟ್ಟೆನೋವು ಸತ್ತ ಮೇಲೆ ಠಾಣೆಯಲ್ಲಿ ನಿಜವಾಯಿತು. ಅದನ್ನು ನಾಟಕ ಎಂದವರೇ ಅದಕ್ಕೆ ಸಾಕ್ಷಿ ಹೇಳಿದರು. ಇಷ್ಟಕ್ಕೂ ತಳಹದಿ ನಿಮ್ಮ ರಿಜಿಸ್ಟರು. ಮನಸ್ಸಿನ ಗುಳಿಗೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಎಂದು ಬರೆದಿರಿ. ಯಾರನ್ನು ಕಾಪಾಡಲು? ಈ ತಿಂಗಳೊಳಗೆ ಉತ್ತರ ಬರದಿದ್ದರೆ ಐದೂ ಚೀಟಿ ಹಿಡಿದು ಯಾದಗಿರಿಗೆ ಹೋಗಿ ನಿಮ್ಮ ಮೇಲಿನವರ ಮುಂದೆ ಇಡುತ್ತೇನೆ.

ಬಸವೇಶ್ವರಿ

•

ಶಹಾಪುರ
2 ನವೆಂಬರ್ 2024

ಹಬೀಬಾ ಅವರಿಗೆ,

ದೀಪಾವಳಿ. ಓಣಿಯಲ್ಲಿ ಪಟಾಕಿ ಸದ್ದು. ನನ್ನ ಮನೆಯಲ್ಲಿ ಹಣತೆ ಹಚ್ಚಿಲ್ಲ. ನಿಮ್ಮ ಉತ್ತರ ಬಂದಿಲ್ಲ.

ಹನ್ನೊಂದನೇ ತಾರೀಖು ಸೋಮವಾರ ಯಾದಗಿರಿಗೆ ಹೋಗುತ್ತೇನೆ. ಶಾಲೆಗೆ ರಜೆ ಕೇಳಿಯಾಗಿದೆ.

ಬಸವೇಶ್ವರಿ

•

ಸುರಪುರ ತಾಲೂಕು
6 ನವೆಂಬರ್ 2024

ಬಸವೇಶ್ವರಿ ಅಕ್ಕನವರಿಗೆ,

ಇದನ್ನು ಓದಿದ ಮೇಲೆ ಯಾದಗಿರಿಗೆ ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು.

ಹೊಟ್ಟೆನೋವು ಎಂಬ ಮಾತನ್ನು ಅವಳಿಗೆ ಕಲಿಸಿದವಳು ನಾನು. ಜನವರಿಯಲ್ಲಿ ಭುವನೇಶ್ವರಿ ಅಂಗನವಾಡಿಗೆ ಬಂದು ಗೋಡೆಗೆ ಆತು ಕೂತಳು. "ಹಬೀಬಾ, ಮುಂಜಾನಿ ಆಗೋದು ನೋಡಿದ್ರ ಅಂಜಿಕಿ ಬರ್ತದ. ಕೈಕಾಲು ನನ್ನವಲ್ಲ ಅನಸ್ತದ" ಎಂದಳು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರ್ ಬರುತ್ತಾರೆ. ಅವರ ಬಳಿಗೆ ಹೋಗಬೇಕು. ಆದರೆ ಮನೆಯಲ್ಲಿ ಏನು ಹೇಳಿ ಹೊರಡುವುದು?

ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ. ಹೆಂಗಸು ತಲೆನೋವು ಎಂದರೆ ಮುಲಾಮು ಹಚ್ಚಿ ಮಲಗು ಎನ್ನುತ್ತಾರೆ. ಎದೆನೋವು ಎಂದರೆ ಗಂಡಸರು ಗಾಬರಿಯಾಗಿ ಗಾಡಿ ಮಾಡಿಕೊಂಡು ಜೊತೆಗೇ ಬರುತ್ತಾರೆ, ಡಾಕ್ಟರ ಮುಂದೆ ತಾವೇ ಕೂತು ಮಾತಾಡುತ್ತಾರೆ. ಬ್ಯಾಸರ ಎಂದರೆ ಇನ್ನೊಂದು ಕೊಡ ನೀರು ತಾ ಎನ್ನುತ್ತಾರೆ. ಹೊಟ್ಟೆನೋವು ಎಂದರೆ ಮಾತ್ರ, ಅದು ಹೆಂಗಸರದ್ದು ಎಂದು ಯಾವ ಗಂಡಸೂ ಮುಂದೆ ಕೇಳುವುದಿಲ್ಲ. ಜೊತೆಗೂ ಬರುವುದಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಬಸ್ಸು ಪುಕ್ಕಟೆ. ಅದಕ್ಕೇ ಚೀಟಿಯಲ್ಲಿ ಹೊಟ್ಟೆನೋವು ಬರೆದು ಮೂಲೆ ಮಡಚುತ್ತೇನೆ. ಮಡಚಿದ ಚೀಟಿ ಬಂದರೆ ಡಾಕ್ಟರಿಗೆ ಗೊತ್ತು.

ಅವಳಿಗೆ ಗುಣವಾಗುತ್ತಿತ್ತು ಅಕ್ಕ. ನಾಲ್ಕನೇ ಸಲ ಹೋಗುವಾಗ ಬಸ್ಸಿನಲ್ಲಿ ಕಿಟಕಿ ಸೀಟಿಗಾಗಿ ನನ್ನೊಡನೆ ಜಗಳಕ್ಕೆ ಬಿದ್ದಳು. "ಸರಿ ಆಚೀಗಿ! ನೀ ದಿನಾ ಊರು ತಿರುಗಾಕಿ, ನಿನಗ್ಯಾಕ ಕಿಟಕಿ?" ಎಂದು ಮೊಣಕೈಯಿಂದ ತಿವಿದಳು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಜನವರಿಯಲ್ಲಿ ಅವಳಿಗೆ ಜಗಳವಾಡುವಷ್ಟೂ ಜೀವ ಇರಲಿಲ್ಲ.

ವಿಶ್ವರಾಧ್ಯ ಕೆಟ್ಟವನಲ್ಲ. ಐದು ತಿಂಗಳಾದರೂ ಹೊಟ್ಟೆನೋವು ಹೋಗಲಿಲ್ಲವೆಂದು ಮೇ ತಿಂಗಳಲ್ಲಿ ತಾನೇ ಕಲಬುರಗಿಗೆ ಸ್ಕ್ಯಾನಿಂಗಿಗೆ ಕರೆದೊಯ್ದ. ಹೊಟ್ಟೆ ಶುದ್ಧವಾಗಿತ್ತು. ಆಗಿಂದ ಮಂಗಳವಾರ ಬಂದ್. ನಾನು ಕರೆಯಲು ಹೋದರೆ ಮಲ್ಲಾಬಾಯಿ ಬಾಗಿಲಲ್ಲೇ ನಿಂತು, "ನಿನ್ನ ಚೀಟಿಲಿಂದ ನಮ್ಮ ಮನಿ ಸೊಸಿ ಬಸ್ ಹತ್ತೂದು ಕಲಿತಾಳ. ಇನ್ನ ಬರಬ್ಯಾಡ" ಎಂದಳು. ನಾನು ತಿರುಗಿ ಬಂದೆ. ಒಳಗೆ ನುಗ್ಗಬೇಕಿತ್ತು. ನುಗ್ಗಲಿಲ್ಲ. ಹೊಟ್ಟೆಯದ್ದಲ್ಲ ಎಂದು ಅಂದೇ ಹೇಳಿದ್ದರೆ ಅವಳು ಇರುತ್ತಿದ್ದಳೇನೋ.

ಇನ್ನೂ ಹನ್ನೊಂದು ಹೆಂಗಸರು ಇದೇ ಮಾತು ಹೇಳಿ ಮಂಗಳವಾರ ಬಸ್ಸು ಹತ್ತುತ್ತಿದ್ದಾರೆ. ನೀವು ಚೀಟಿ ಬಯಲಿಗಿಟ್ಟರೆ ಹನ್ನೊಂದು ಮನೆಯ ಬಾಗಿಲೂ ಮುಚ್ಚುತ್ತದೆ. ನನ್ನ ನೌಕರಿ ಹೋಗುವುದು ಆಮೇಲಿನ ಮಾತು.

ನೀವು ನನ್ನನ್ನು ಇಷ್ಟು ಕೇಳಿದಿರಿ. ನಾನೂ ಒಂದು ಕೇಳುತ್ತೇನೆ. ಜುಲೈಯಲ್ಲಿ ಭುವನೇಶ್ವರಿ ನನ್ನ ಫೋನಿನಿಂದ ನಿಮಗೆ ಮಾತಾಡಿದಳು. ಅಂಗನವಾಡಿಯ ಹಿಂದೆ ನಿಂತು, ನಾಲ್ಕೈದು ನಿಮಿಷ. ಫೋನ್ ತಿರುಗಿ ಕೊಡುವಾಗ ಅವಳ ಮುಖ ನೋಡಿದ್ದೇನೆ. ನೀವು ಏನು ಹೇಳಿದಿರಿ?

ಹಬೀಬಾ

•

ಶಹಾಪುರ
10 ನವೆಂಬರ್ 2024

ಹಬೀಬಾ ಅವರಿಗೆ,

ನನ್ನನ್ನು ಕೇಳಲು ನೀವು ಯಾರು? ಒಡಹುಟ್ಟಿದವಳು ನಾನು. ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು.

ಆ ದಿನ ಅವಳು ಮಳೆಯ ಮಾತು, ಮಗಳ ಶಾಲೆಯ ಮಾತು ಆಡಿದಳು. ಅಷ್ಟೇ. ಆರಾಮ ಇದ್ದೇನೆ ಎಂದಳು.

ನಿಮ್ಮ ಹನ್ನೊಂದು ಮಂದಿಯೂ ನನ್ನ ತಂಗಿಯ ದಾರಿಯಲ್ಲೇ ಇದ್ದಾರೆ. ಪ್ರತಿಯೊಬ್ಬಳಿಗೂ ಒಂದು ಸ್ಕ್ಯಾನಿಂಗ್ ಕಾಯುತ್ತಿದೆ. ಅದನ್ನು ಉಪಕಾರ ಎಂದು ಬರೆಯುತ್ತೀರಿ.

ನಾಳೆ ಯಾದಗಿರಿಗೆ ಹೋಗುವುದಿಲ್ಲ. ನಿಮಗಾಗಿ ಅಲ್ಲ.

ಬಸವೇಶ್ವರಿ

•

ಸುರಪುರ ತಾಲೂಕು
25 ನವೆಂಬರ್ 2024

ಅಕ್ಕನವರಿಗೆ,

ನಿಮಗೆ ಮತ್ತೆ ಬರೆಯಬಾರದು ಎಂದುಕೊಂಡಿದ್ದೆ. ಬರೆಯಲೇಬೇಕಾಗಿದೆ.

ಭುವನೇಶ್ವರಿಯ ನೆಗೆಣ್ಣಿ ಸವಿತಾಳನ್ನು ನೀವು ನೋಡಿರುತ್ತೀರಿ. ವಿಶ್ವರಾಧ್ಯನ ತಮ್ಮ ಸಾಬಣ್ಣನ ಹೆಂಡತಿ. ಭುವನೇಶ್ವರಿ ಹೋದ ಮೇಲೆ ಅವಳಿಗೂ ನಿದ್ದೆಯಿಲ್ಲ, ಊಟವಿಲ್ಲ. ಒಲೆಯ ಮುಂದೆ ಕೂತವಳು ಕೂತೇ ಇರುತ್ತಾಳೆ. ಆ ಹನ್ನೊಂದರಲ್ಲಿ ಅವಳೂ ಒಬ್ಬಳು. ಆ ಬಾಗಿಲಿಗೆ ನಾನು ಹೋಗುವಂತಿಲ್ಲ, ಅವಳೇ ಅಂಗನವಾಡಿಗೆ ಬಂದು ಚೀಟಿ ಒಯ್ಯುತ್ತಾಳೆ. ಸೆಪ್ಟೆಂಬರಿಂದ ಮೂರು ಸಲ ಬಂದಿದ್ದಾಳೆ. ಗುಳಿಗೆ ಈಗಷ್ಟೇ ಹಿಡಿಯುತ್ತಿದೆ.

ಪೊಲೀಸರ ಕಾಗದದಲ್ಲಿ ಹೊಟ್ಟೆನೋವಿಂದ ಸತ್ತಳು ಎಂದು ಬಂದ ಮೇಲೆ ಮಲ್ಲಾಬಾಯಿ ತಾನೂ ಅದನ್ನೇ ನಂಬಿಬಿಟ್ಟಿದ್ದಾಳೆ. "ಮಷೀನಿಗಿ ಏನ್ ತಿಳಿತದ? ಈ ಮನ್ಯಾಗ ಹೊಟ್ಟಿನೋವು ಹೊಕ್ಕಾದ. ಒಬ್ಬಾಕಿನ ತಿಂತು, ಇನ್ನೊಬ್ಬಾಕಿನ ಹಿಡದಾದ" ಎಂದು ಓಣಿಯಲ್ಲಿ ಅಳುತ್ತಾಳೆ. ಡಿಸೆಂಬರ್ ಹತ್ತೊಂಬತ್ತಕ್ಕೆ ಸಾಬಣ್ಣ ಕಲಬುರಗಿಯ ದೊಡ್ಡ ಸ್ಕ್ಯಾನಿಂಗಿಗೆ ನಂಬರು ಹಚ್ಚಿಸಿದ್ದಾನೆ. ಶುದ್ಧ ಎಂದು ಬರುತ್ತದೆ. ಆಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತು, ನಿಮಗೂ ಗೊತ್ತು.

ನಾನು ಹೇಳಿದರೆ ಸವಿತಾಳ ಗುಟ್ಟು ಬಯಲಾಗುತ್ತದೆ. ಅವಳು ನನ್ನ ಕಾಲು ಹಿಡಿದು ಬೇಡವೆಂದಿದ್ದಾಳೆ. ನನಗೆ ದಾರಿ ಕಾಣುತ್ತಿಲ್ಲ. ನಿಮಗೆ ಸಿಟ್ಟಿದೆಯಲ್ಲ. ಅದನ್ನು ನನ್ನ ಮೇಲೆ ಸುರಿದು ಮುಗಿಸಬೇಡಿ. ಎಲ್ಲಾದರೂ ಉಪಯೋಗಕ್ಕೆ ತನ್ನಿ.

ಹಬೀಬಾ

•

ಶಹಾಪುರ
8 ಡಿಸೆಂಬರ್ 2024

ಹಬೀಬಾ,

ಮೊದಲು ಜುಲೈ ತಿಂಗಳ ಮಾತು. ಕಳೆದ ಪತ್ರದಲ್ಲಿ ನಾನು ಬರೆದದ್ದು ಸುಳ್ಳು.

ಅವಳು ಫೋನ್ ಮಾಡಿದಾಗ ಶಾಲೆಯ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. "ಯಕ್ಕಾ, ನನಗ ಏಳಾಕ ಆಗವಲ್ದು. ಜೀವ ಬ್ಯಾಡಾಗ್ಯಾದ" ಎಂದಳು. ನಾನು ಸೌಟು ಆಡಿಸುತ್ತಲೇ, "ಬ್ಯಾಸರ ಯಾರಿಗಿಲ್ಲ? ಮಗಳ ಮಾರಿ ನೋಡಿ ಸುಮ್ನಿರು. ಮತ್ತ ಹಂಗ ಯಾರ ಮುಂದನೂ ಅನಬ್ಯಾಡ, ನಗ್ತಾರ" ಎಂದೆ. ಅವಳು ಇನ್ನೂ ಏನೋ ಹೇಳುತ್ತಿದ್ದಳು. ಸಾರು ಉಕ್ಕಿತು. ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಟ್ಟೆ. ಮಾಡಲಿಲ್ಲ.

ಆ ದಿನದ ಡೈರಿ ತೆಗೆದು ನೋಡಿದೆ. ನನ್ನ ಕೈಯಲ್ಲೇ ಬರೆದಿದ್ದೇನೆ: "ಇಂದು ತೊಗರಿಬೇಳೆ ಸಾರು. ಭುವಿ ಫೋನ್ ಮಾಡಿದ್ದಳು. ಆರಾಮ."

ನಿಮ್ಮ ರಿಜಿಸ್ಟರಿನಲ್ಲಿ ಹೊಟ್ಟೆನೋವು. ನನ್ನ ಡೈರಿಯಲ್ಲಿ ಆರಾಮ. ನೀವು ಅವಳನ್ನು ಬಸ್ಸು ಹತ್ತಿಸಲು ಸುಳ್ಳು ಬರೆದಿರಿ. ನನ್ನನ್ನು ಯಾರೂ ಕೇಳಿರಲಿಲ್ಲ, ನನ್ನ ಪುಸ್ತಕ ಯಾರೂ ಓದುವುದೂ ಇಲ್ಲ. ಆದರೂ ಹಾಗೆ ಬರೆದು ಮುಚ್ಚಿಟ್ಟೆ.

ಶುಕ್ರವಾರ ಠಾಣೆಗೆ ಹೋದೆ. ಚೀಟಿಗಳನ್ನು ಒಯ್ಯಲಿಲ್ಲ. ಡೈರಿ ಒಯ್ದೆ, ಗುಳಿಗೆಯ ಒಂದು ಪಟ್ಟಿ ಒಯ್ದೆ. ಹೊಸ ಹೇಳಿಕೆ ಕೊಡಬೇಕು ಎಂದೆ. ಹೆಡ್ ಕಾನ್‌ಸ್ಟೇಬಲ್ ವಯಸ್ಸಾದವರು. ನನಗೆ ಸ್ಟೂಲು ಕೊಟ್ಟರು.

"ನೋಡವ್ವಾ, ಹೊಟ್ಟಿನೋವು ಅಂದ್ರ ಫೈಲ್ ಮುಚ್ತದ. ಬ್ಯಾರೆ ಏನರ ಅಂದ್ರ ತೆರೀತದ. ನಿನಗ ಯಾವುದು ಬೇಕ?"

"ತೆರೀರಿ."

ಜುಲೈ ತಿಂಗಳ ಮಾತನ್ನೆಲ್ಲ ಹೇಳಿದೆ, ನಾನು ಹೇಳಿದ್ದನ್ನೂ ಬಿಡದೆ. ಅವರು ಬರೆದು ಓದಿ ಹೇಳಿದರು. "ಮೃತಳು ಮಾನಸಿಕ ಅಸ್ವಸ್ಥಳಿದ್ದು" ಎಂದಿತ್ತು.

"ಅದನ್ನ ಹೊಡೀರಿ" ಎಂದೆ.

"ಮತ್ತೇನ್ ಬರೀಲವ್ವಾ? ಠಾಣ್ಯಾಗ ಎಲ್ಲಾರೂ ಹಿಂಗೇ ಬರೀತೀವಿ."

"ನಾ ಹೇಳ್ತೀನಿ, ನೀವು ಬರೀರಿ. ನನ್ನ ತಂಗಿಗೆ ಖಿನ್ನತೆ ಎಂಬ ರೋಗ ಇತ್ತು. ಅದಕ್ಕೆ ಔಷಧ ಇತ್ತು. ಔಷಧ ತೆಗೆದುಕೊಂಡಾಗ ಅವಳಿಗೆ ಗುಣವಾಗುತ್ತಿತ್ತು. ಅದು ನಿಂತಿತು. ಅವಳು ನನಗೆ ಹೇಳಿದಳು. ನಾನು ಸುಮ್ಮನಿರು ಎಂದೆ."

"ದವಾಖಾನಿಗಿ ಹ್ಯಾಂಗ ಹೋಗ್ತಿದ್ಲು? ಯಾರ್ ಕರಕೊಂಡು ಹೋಗ್ತಿದ್ರು?"

"ಬಸ್ಸಿನ್ಯಾಗ ಹೋಗ್ತಿದ್ಲು."

ಅವರು ಮುಂದೆ ಕೇಳಲಿಲ್ಲ. ಬರೆದರು. ಸಹಿ ಮಾಡಿದೆ.

ಜಗದೇವಪ್ಪನಿಗೆ ಅಂದೇ ತಿಳಿಯಿತು. ಫೋನ್ ಮಾಡಿ, "ನಾ ಬರಸಿದ್ದು ಸುಳ್ಳಂತ ಊರಿಗೆಲ್ಲ ಸಾರಿ ಬಂದಿ. ನಿನ್ನ ತಪ್ಪು ನೀನ ಬರಸಿಕೊಂಡಿ. ಇನ್ನ ಶಿರವಾಳದ ಕಡಿ ಮಾರಿ ಹಾಕಬ್ಯಾಡ" ಎಂದ. ಇಡುವ ಮೊದಲು ಅತ್ತ. ಅವನಿಗೂ ಭುವಿ ತಂಗಿಯೇ.

ನಕಲು ನನ್ನ ಕೈಯಲ್ಲಿದೆ. ಹದಿನೈದನೇ ತಾರೀಖು ಭಾನುವಾರ ಮಲ್ಲಾಬಾಯಿಯ ಮನೆಗೆ ಹೋಗುತ್ತೇನೆ. ನೀವು ಆ ದಿನ ನನ್ನ ಹತ್ತಿರ ಸುಳಿಯಬೇಡಿ. ಸವಿತಾಳ ಹೆಸರು ನನ್ನ ಬಾಯಿಂದ ಬರುವುದಿಲ್ಲ. ನಿಮ್ಮ ಹೆಸರೂ ಬರುವುದಿಲ್ಲ.

ಬಸವೇಶ್ವರಿ

•

ಸುರಪುರ ತಾಲೂಕು
18 ಡಿಸೆಂಬರ್ 2024

ಅಕ್ಕಾ,

ಭಾನುವಾರ ನೀವು ಅಂಗಳದಲ್ಲಿ ನಿಂತು ಆ ಕಾಗದವನ್ನು ಓದಿದ್ದು ಹಿಂದಿನ ಓಣಿಯವರೆಗೂ ಕೇಳಿಸಿತಂತೆ. ಮಲ್ಲಾಬಾಯಿ ನಿಮ್ಮನ್ನು ಮನೆಮುರುಕಿ ಎಂದದ್ದು, ನೀವು "ಮುರಿದ ಮನಿಗಿ ಬಂದೀನಿ ತಾಯಿ, ನಾ ಏನ್ ಹೊಸದಾಗಿ ಮುರೀಲಿ?" ಎಂದದ್ದು ಊರೆಲ್ಲ ಆಡಿಕೊಳ್ಳುತ್ತಿದೆ. ಕೆಲವರು ನಗುತ್ತಿದ್ದಾರೆ, ಸುಳ್ಳು ಹೇಳುವುದಿಲ್ಲ. ಆ ನಗು ಭುವನೇಶ್ವರಿಯ ಮಗಳ ಕಿವಿಗೂ ಬೀಳುತ್ತದೆ.

ನೀವು ಬಸ್ಸು ಹತ್ತಿದ ಮೇಲೆ ಆದದ್ದು ನಿಮಗೆ ಗೊತ್ತಿಲ್ಲ. ಆ ಸಂಜೆ ಸವಿತಾ ತಾನೇ ಗಂಡನಿಗೆ ಹೇಳಿದಳಂತೆ, ನನಗೂ ಭುವಕ್ಕನದೇ ರೋಗ, ಹೊಟ್ಟೆಯದಲ್ಲ ಎಂದು. ಸಾಬಣ್ಣ ಚೀಟಿ, ಗುಳಿಗೆ ಎರಡನ್ನೂ ಕೇಳಿ ನೋಡಿದನಂತೆ. ಆಮೇಲೆ ಕಲಬುರಗಿಯ ನಂಬರು ರದ್ದು ಮಾಡಿಸಿದ. ನಿನ್ನೆ ಮಂಗಳವಾರ ಇಬ್ಬರೂ ತಾಲೂಕು ಆಸ್ಪತ್ರೆಗೆ ಬಂದರು. ಸರದಿಯಲ್ಲಿ ಅವನು ಹೆಗಲ ವಸ್ತ್ರದಿಂದ ಮುಖ ಮುಚ್ಚಿಕೊಂಡು ಕೂತಿದ್ದ. ಆದರೂ ಕೂತಿದ್ದ.

ಉಳಿದ ಹತ್ತು ಮಂದಿಯಲ್ಲಿ ಎಂಟು ಮಂದಿ ಬಂದಿದ್ದರು. ಇಬ್ಬರನ್ನು ಮನೆಯವರು ಕಳಿಸಲಿಲ್ಲ. "ಖರೇನ ಹೊಟ್ಟಿನೋವೇನ್ ನಿಂದು?" ಎಂದು ಈಗ ಮನೆಮನೆಯಲ್ಲಿ ಕೇಳುತ್ತಿದ್ದಾರಂತೆ. ಇದನ್ನೂ ನಿಮಗೆ ತಿಳಿಸಬೇಕು.

ಇಂದು ಬೆಳಿಗ್ಗೆ ವಿಶ್ವರಾಧ್ಯ ಅಂಗನವಾಡಿಗೆ ಬಂದ. ಹೊರಗೇ ನಿಂತು ನನ್ನನ್ನು ನೋಡಿ, "ನಿಮಗ ಗೊತ್ತಿತ್ತಲ್ರಿ. ನನಗ ಒಂದು ಮಾತು ಹೇಳಬಾರದಿತ್ತೇನ್ರಿ? ನಾ ಏನ್ ಹುಲೀನ? ಎದಿಮ್ಯಾಲ ಹೊತ್ತು ಒಯ್ತಿದ್ದೆ" ಎಂದ. ಅವನು ಕೇಳುತ್ತಿದ್ದನೇ ಅಕ್ಕ? ಹೇಳಿದ್ದರೆ ನಿಜವಾಗಿಯೂ ಒಯ್ಯುತ್ತಿದ್ದನೇ? ನನಗೆ ತಿಳಿಯುತ್ತಿಲ್ಲ.

ಹಬೀಬಾ

•

ಶಹಾಪುರ
22 ಡಿಸೆಂಬರ್ 2024

ಹಬೀಬಾ,

ಅವನು ಕೇಳುತ್ತಿರಲಿಲ್ಲ ಎಂದು ಬರೆದು ಹೊಡೆದುಹಾಕಿದೆ. ಕೇಳುತ್ತಿದ್ದ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದಕ್ಕೇ ನನಗೆ ಹೆಚ್ಚು ಸಿಟ್ಟು ಬರುತ್ತದೆ.

ಅವನು ಮತ್ತೆ ಬಂದರೆ ನನ್ನ ಮಾತು ಹೇಳು. ಹುಲಿ ಬಂದಿದ್ದರೆ ಅವಳು ಕೂಗುತ್ತಿದ್ದಳು, ಊರು ಓಡಿ ಬರುತ್ತಿತ್ತು. ಅವಳು ಅಂಜಿದ್ದು ನಗುವವರಿಗೆ. ನಗುತ್ತಾರೆ ಎಂದು ಅವಳಿಗೆ ಹೇಳಿಕೊಟ್ಟವಳು ನಾನು, ನೀನಲ್ಲ.

ಮನೆಯವರು ಕಳಿಸದ ಆ ಇಬ್ಬರು ಯಾರು? ನಾನು ಓದಿದ ಕಾಗದದಿಂದಲೇ ಅವರ ಬಾಗಿಲು ಮುಚ್ಚಿತು. ಈ ಸಲ ನಿನ್ನ ಜೊತೆಯಲ್ಲೇ ಬರುತ್ತೇನೆ. ಹೊಸ್ತಿಲಲ್ಲಿ ತಡೆದರೆ ಅಲ್ಲೇ ಕೂರೋಣ. ಮೂವತ್ತನೇ ತಾರೀಖು ಸೋಮವಾರ ಸಂಜೆ ಐದರ ಬಸ್ಸಿಗೆ ಹೊರಡುತ್ತೇನೆ, ಮಂಗಳವಾರಕ್ಕೆ ಶಾಲೆಗೆ ರಜೆ ಹಾಕಿದ್ದೇನೆ. ಮಲಗಲು ನಿನ್ನ ಮನೆಯಲ್ಲಿ ಜಾಗ ಇದೆಯೋ ಇಲ್ಲವೋ ತಿಳಿಸು. ಫೋನ್ ಮಾಡಿಯೇ ತಿಳಿಸು. ರೆಕಾರ್ಡ್ ಮಾಡುವವರು ಮಾಡಿಕೊಳ್ಳಲಿ.

ಬಸವೇಶ್ವರಿ